ಬಕೆಟ್ಟಿನಲ್ಲಿ ನೆನೆದ ಚೆಂಡು

ಬೆಂಗಳೂರಿನ ಯಾವುದಾದರೂ ಮಾಲಿಗೆ ಹೋಗಿ ಬೌಲಿಂಗ್ ಲೇನ್ ನೋಡಿದವರು ಅದು ಮರದ ಹಲಗೆ ಜೋಡಿಸಿದ ನೆಲ ಎಂದೇ ತಿಳಿಯುತ್ತಾರೆ. ಹಲಗೆಯ ಗೆರೆ, ಮರದ ಬಣ್ಣ, ನಾರು ಎಲ್ಲವೂ ಕಾಣುತ್ತವೆ. ಆದರೆ ಈಗಿನ ಬಹುಪಾಲು ಲೇನುಗಳ ಮೇಲ್ಮೈ ಕಾಗದದ್ದು. ದಪ್ಪ ಕಾಗದದ ಹಾಳೆಗಳನ್ನು ಫಿನಾಲಿಕ್ ರಾಳದಲ್ಲಿ ಅದ್ದಿ ಒಂದರ ಮೇಲೊಂದು ಪೇರಿಸುತ್ತಾರೆ. ಮೇಲೆ ಮರದ ಚಿತ್ರ ಅಚ್ಚು ಹಾಕಿದ ಹಾಳೆ, ಅದರ ಮೇಲೆ ಮೆಲಮೈನ್ ಪದರ. ಬಿಸಿ ಪ್ರೆಸ್ಸಿನಲ್ಲಿ ಒತ್ತಿ ತೆಗೆದರೆ ಉಳಿ ಇಳಿಯದಷ್ಟು ಗಟ್ಟಿ ಹಲಗೆ. ಅಡುಗೆಮನೆಯ ಕಪಾಟಿಗೆ ಅಂಟಿಸುವ ಸನ್‌ಮೈಕಾ ತಯಾರಾಗುವುದೂ ಹೀಗೆಯೇ. ದಾಂಡೇಲಿಯಲ್ಲಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. 1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಕಾಗದ ತೆಗೆಯತೊಡಗಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಒಂದು ಕಡೆ, ಹಳೆಯ ಪ್ಲೈವುಡ್ ಕಾರ್ಖಾನೆ ಇನ್ನೊಂದು ಕಡೆ. ಬಿದಿರು ಕಾಗದವಾಗುವುದನ್ನೂ, ದಿಮ್ಮಿಯನ್ನು ಹಾಳೆ ಹಾಳೆಯಾಗಿ ಸುಲಿದು ರಾಳ ಬಳಿದು ಮತ್ತೆ ಹಲಗೆ ಮಾಡುವುದನ್ನೂ ಊರು ತಲೆಮಾರುಗಳಿಂದ ನೋಡುತ್ತ ಬಂದಿದೆ.

ಮರದ್ದಿರಲಿ ಕಾಗದದ್ದಿರಲಿ, ಲೇನಿನ ಮೇಲೆ ತೆಳುವಾಗಿ ಎಣ್ಣೆ ಸವರಿರುತ್ತಾರೆ. ಆಟದ ಗುಟ್ಟೆಲ್ಲ ಇರುವುದು ಅಲ್ಲಿ. ಹಳಿಯಾಳದಿಂದ ಹೋಗಿ ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮಕ್ಕನ ಮಗನಿಗೆ ಈ ಆಟದ ಹುಚ್ಚು ಹಿಡಿದಿದೆ. ಈಚೆಗೆ ಫೋನ್ ಮಾಡಿದ್ದ. "ಮಾಮಾ, ನಮ್ಮಲ್ಲಿ ಲೇನ್ ಭಾಳ ಒಣಗಿರ್ತಾವ. ಬಾಲ್ ಪಿನ್ ಮುಟ್ಟೂದ್ರಾಗ ಎಡಕ್ಕ ಹೊಳ್ಳಿ ಹೋಗಿಬಿಡ್ತದ. ಡ್ರೈ ಲೇನಿಗೆ ಬ್ಯಾರೆ ಬಾಲ್ ತೊಗೊಂಡು ಬ್ಯಾರೆ ಥರಾ ಡ್ರಿಲ್ ಮಾಡಿಸ್ಬೇಕಂತ, ಖರೇನ?"

ಖರೆ. ಯಾವ ಚೆಂಡು ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಮೂಲೆಗೆ ಸರಿಸಿಟ್ಟಿರುವ ಹಳೇ ನಮೂನೆಯ ಪ್ಲಾಸ್ಟಿಕ್ ಚೆಂಡು. ಆದರೆ ಅದು ಯಾಕೆ ಎಂಬುದು ಗೊತ್ತಾಗಲು ಆಟದ ಜಗತ್ತಿಗೆ ಎಪ್ಪತ್ತು ಎಂಬತ್ತು ವರ್ಷ ಬೇಕಾಯಿತು. ಅಷ್ಟೂ ಕಾಲ ಎಲ್ಲರೂ ಹುಡುಕಿದ್ದು ಹೆಚ್ಚು ತಿರುಗುವ ಚೆಂಡನ್ನು. ಕಡಿಮೆ ತಿರುಗುವ ಚೆಂಡು ಬೇಕಾಗುವ ದಿನ ಬಂದೀತೆಂದು ಯಾರೂ ಅಂದುಕೊಂಡಿರಲಿಲ್ಲ.

ಹಳೆಯ ಲೇನ್ ನಿಜಕ್ಕೂ ಮರದ್ದೇ. ಫೌಲ್ ಗೆರೆಯಿಂದ ಮೊದಲ ಪಿನ್ನಿನವರೆಗೆ 60 ಅಡಿ, ಅಗಲ 41.5 ಇಂಚು, ಅಗಲಕ್ಕೆ 39 ಪಟ್ಟಿಗಳು. ಚೆಂಡು ಬಂದು ಬೀಳುವ ಮೊದಲ 15 ಅಡಿಗೂ ಪಿನ್ನುಗಳು ನಿಲ್ಲುವ ಜಾಗಕ್ಕೂ ಗಟ್ಟಿಯಾದ ಮೇಪಲ್, ನಡುವೆ ಮೆತ್ತಗಿನ ಪೈನ್. ಬರಿ ಮರವನ್ನು ಹಾಗೇ ಬಿಡುವಂತಿಲ್ಲವಲ್ಲ, ಮೊದಮೊದಲು ಅದಕ್ಕೆ ಶೆಲ್ಲ್ಯಾಕ್ ಬಳಿಯುತ್ತಿದ್ದರು. ಶೆಲ್ಲ್ಯಾಕ್ ಎಂದರೆ ಅರಗು. ಮುತ್ತುಗ, ಬೋರೆಯಂಥ ಗಿಡಗಳ ಟೊಂಗೆಗೆ ಮುತ್ತುವ ಪುಟ್ಟ ಕೀಟ ಸುರಿಸುವ ಅಂಟನ್ನು ಕರಗಿಸಿ ಶೋಧಿಸಿ ಮಾಡಿದ್ದು. ಆ ಕಾಲಕ್ಕೆ ಪ್ರಪಂಚದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಈಗಿನ ಜಾರ್ಖಂಡದ ಕಾಡುಗಳಿಂದ. ಹಳಿಯಾಳ ಮುಂಡಗೋಡಿನ ಒಣ ಕಾಡಿನಲ್ಲೂ ಬೇಸಿಗೆಗೆ ಮುತ್ತುಗ ಕೆಂಪಾಗಿ ಹೂ ಬಿಡುತ್ತದೆ, ಆದರೆ ಅರಗಿನ ದೊಡ್ಡ ವ್ಯಾಪಾರ ನಮ್ಮ ಕಡೆ ಬೆಳೆಯಲಿಲ್ಲ. ಶೆಲ್ಲ್ಯಾಕಿನ ನಂತರ ನೈಟ್ರೋಸೆಲ್ಯುಲೋಸಿನ ಲ್ಯಾಕರ್ ಬಂತು. ಬಳಿಯುವಾಗ ಅದರ ಆವಿಗೆ ಕಿಡಿ ತಗುಲಿ ಅಮೆರಿಕದಲ್ಲಿ ಬೌಲಿಂಗ್ ಮನೆಗಳು ಹೊತ್ತಿ ಉರಿದದ್ದುಂಟು. ಪಾಂಡವರ ಅರಗಿನ ಮನೆಯ ಕತೆ ಕೇಳಿದ್ದರೆ ಅವರು ಇನ್ನಷ್ಟು ಹುಷಾರಾಗಿರುತ್ತಿದ್ದರೋ ಏನೋ. ಕೊನೆಗೆ 1960, 70ರ ದಶಕಗಳಲ್ಲಿ ಪಾಲಿಯುರೆಥೇನ್ ಲೇಪ ಬಂತು, 70ರ ದಶಕದ ಕೊನೆಯಿಂದ ಕಾಗದ ರಾಳದ ಲೇನ್.

ಎಣ್ಣೆ ಹಾಕಿದ್ದು ಆಟಕ್ಕಾಗಿ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಏಳು ಕಿಲೋ ಚೆಂಡು ದಿನಕ್ಕೆ ನೂರಾರು ಸಲ ಉಜ್ಜಿಕೊಂಡು ಹೋದರೆ ಮೇಲಿನ ಲೇಪ ಸುಟ್ಟು ಎದ್ದುಹೋಗುತ್ತದೆ. ಅದನ್ನು ಕಾಯಲು ಲೇನಿನ ಮುಂಭಾಗಕ್ಕೆ ಸ್ವಲ್ಪ ಖನಿಜ ತೈಲ ಒರೆಸಿದರು, ಅಷ್ಟೆ. ಮನೆ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟವರಿಗೆ ಇರುವಷ್ಟೇ ಮುಂದಾಲೋಚನೆ ಅವರಿಗಿತ್ತು. ಇಂದು ಅದೇ ಎಣ್ಣೆಯನ್ನು ಯಂತ್ರ ನಕ್ಷೆ ನೋಡಿಕೊಂಡು ಹಾಕುತ್ತದೆ. ಒಂದು ಲೇನಿಗೆ ಸುಮಾರು 20ರಿಂದ 30 ಮಿಲಿಲೀಟರ್, ಹೆಚ್ಚೆಂದರೆ ಒಂದು ಗುಟುಕು ಚಹಾದಷ್ಟು. ಮಾಮೂಲಿ ನಕ್ಷೆಯಲ್ಲಿ ಅದು ಸುಮಾರು 40 ಅಡಿ ದೂರದವರೆಗೆ ಹೋಗುತ್ತದೆ, ನಡುವೆ ದಪ್ಪ, ಎರಡು ಅಂಚಿಗೆ ತೆಳು. ಕೊನೆಯ 20 ಅಡಿ ಒಣಗಿದ್ದು.

ಕೇರಂ ಆಡಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಬೋರ್ಡಿನ ಮೇಲೆ ಬೋರಿಕ್ ಪುಡಿ ಇರುವಷ್ಟು ಹೊತ್ತು ಸ್ಟ್ರೈಕರ್ ಸುಯ್ಯೆಂದು ಹೋಗುತ್ತದೆ, ಪುಡಿ ಹಾರಿದ ಜಾಗದಲ್ಲಿ ತಡವರಿಸುತ್ತದೆ. ಬೌಲಿಂಗಿನಲ್ಲಿ ಈ ತಡವರಿಕೆಯೇ ಬಂಡವಾಳ. ಬಲಗೈ ಆಟಗಾರ ಚೆಂಡನ್ನು ಬಿಡುವಾಗ ಬೆರಳಿನಿಂದ ಅದಕ್ಕೆ ಓರೆಯಾಗಿ ಗಿರಕಿ ಕೊಡುತ್ತಾನೆ. ಎಣ್ಣೆಯಲ್ಲಿ ಗಿರಕಿ ಕೆಲಸ ಮಾಡದು, ಚೆಂಡು ತಿರುಗುತ್ತಲೇ ನೇರ ಜಾರುತ್ತದೆ. ಒಣ ಭಾಗ ಬಂದಕೂಡಲೇ ಮೈ ನೆಲ ಹಿಡಿಯುತ್ತದೆ, ಗಿರಕಿ ಚೆಂಡನ್ನು ಎಡಕ್ಕೆ ಎಳೆಯುತ್ತದೆ. ಆಡುವವರ ಬಾಯಲ್ಲಿ ಇದೇ ಹುಕ್. ಭೌತವಿಜ್ಞಾನಿ ಕ್ಲಿಫ್ ಫ್ರೋಲಿಕ್ 2004ರಲ್ಲಿ ಇದರ ಲೆಕ್ಕ ಮಾಡಿದಾಗ ಎಣ್ಣೆಯ ಭಾಗಕ್ಕೆ ಘರ್ಷಣೆಯ ಗುಣಾಂಕ 0.04, ಒಣ ಭಾಗಕ್ಕೆ 0.20 ಎಂದು ಹಿಡಿದಿದ್ದರು. ಐದು ಪಟ್ಟು ವ್ಯತ್ಯಾಸ. ನೇರ ಎಸೆದ ಚೆಂಡು ಅಂಚಿನಿಂದ ಹೊರಟರೂ ಪಿನ್ನಿಗೆ ಒಂದೂವರೆ ಡಿಗ್ರಿ ಓರೆಯಲ್ಲಿ ಮುಟ್ಟುವುದೇ ಕಷ್ಟ. ಹತ್ತೂ ಪಿನ್ ಬೀಳುವ ಸಂಭವ ಹೆಚ್ಚಿರುವುದು ಸುಮಾರು 6 ಡಿಗ್ರಿಯಲ್ಲಿ. ಹಾಗಾಗಿ ಹುಕ್ ಬೇಕೇ ಬೇಕು.

ಆದರೆ ಅದು ಬರುವುದು ಚೆಂಡಿನ ಯಾವ ಗುಣದಿಂದ?

ಆ ಕಾಲದ ಉತ್ತರ: ತೂಕ. ಮೊದಲು ಚೆಂಡುಗಳು ಲಿಗ್ನಮ್ ವಿಟೇ ಎಂಬ ಕೆರಿಬಿಯನ್ ಕಡೆಯ ಗಟ್ಟಿ ಮರದ್ದಿದ್ದವು, ನೀರಿಗೆ ಹಾಕಿದರೆ ಮುಳುಗುವ ಮರ. 1905ರ ಹೊತ್ತಿಗೆ ಎವರ್‌ಟ್ರೂ ಎಂಬ ರಬ್ಬರ್ ಚೆಂಡು ಬಂತು, 1914ರಲ್ಲಿ ಬ್ರನ್ಸ್‌ವಿಕ್ ಕಂಪನಿಯ ಮಿನರಲೈಟ್. 60ರ ದಶಕದಲ್ಲಿ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಬೆರಳು ತೂತು ಕೊರೆದಾಗ ಒಂದಿಷ್ಟು ಸರಕು ಹೊರಗೆ ಹೋಗುತ್ತದೆ, ಅದನ್ನು ತುಂಬಲು ಒಳಗೆ ಮೇಲ್ಭಾಗದಲ್ಲಿ ಒಂದು ಭಾರದ ಬಿಲ್ಲೆ ಇಡುತ್ತಿದ್ದರು. ಆ ಬಿಲ್ಲೆಯಿಂದ ತೂತುಗಳನ್ನು ಒಂದಿಷ್ಟು ಸರಿಸಿ ಕೊರೆದರೆ ಒಂದು ಮಗ್ಗುಲು ಅರ್ಧ ಔನ್ಸೋ ಮುಕ್ಕಾಲು ಔನ್ಸೋ ಹೆಚ್ಚು ತೂಗುತ್ತದೆ. ಡೋಡೋ ಎಂಬ ವಿಶೇಷ ತಕ್ಕಡಿಯ ಮೇಲೆ ಚೆಂಡನ್ನಿಟ್ಟು ಬಲಕ್ಕೆಷ್ಟು ಎಡಕ್ಕೆಷ್ಟು ಎಂದು ಅಕ್ಕಸಾಲಿಯಂತೆ ತೂಗಿ ನೋಡುತ್ತಿದ್ದರು. ಮಗ್ಗುಲು ಭಾರವೇ ಚೆಂಡನ್ನು ಎಳೆಯುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯಿತ್ತೆಂದರೆ, ಆಟದ ಸಂಸ್ಥೆಗಳೂ ಔನ್ಸ್ ಲೆಕ್ಕದಲ್ಲೇ ಕಾನೂನು ಬರೆದವು.

ಇದನ್ನು ಬುಡಮೇಲು ಮಾಡಿದ್ದು ಪ್ರಯೋಗಾಲಯವಲ್ಲ, ಹೋಟೆಲ್ ರೂಮಿನ ಬಕೆಟ್.

70ರ ದಶಕದ ಆರಂಭ. ಲೇನುಗಳ ಹೊಸ ಲೇಪ ಮೊದಲಿಗಿಂತ ಗಡಸು, ಚೆಂಡು ಗಡಸು, ಮೇಲೆ ಎಣ್ಣೆ. ಎಷ್ಟು ಗಿರಕಿ ಕೊಟ್ಟರೂ ಚೆಂಡು ಜಾರುತ್ತಲೇ ಹೋಗುತ್ತಿತ್ತು. ಎಡಗೈ ಆಟಗಾರ ಅರ್ಲ್ ಆಂಥೋನಿಯಂಥವರಿಗೆ ತಮ್ಮ ಬದಿಯಲ್ಲಿ ಓಡಾಟ ಕಡಿಮೆ, ಲೇನ್ ಬದಲಾಗದೆ ಉಳಿಯುತ್ತಿತ್ತು (1975ರಲ್ಲಿ ಒಂದೇ ಹಂಗಾಮಿನಲ್ಲಿ ಲಕ್ಷ ಡಾಲರ್ ಗಳಿಸಿದ ಮೊದಲ ಬೌಲರ್ ಅವರು). ಬಲಗೈಯವರು ಪರದಾಡುತ್ತಿದ್ದರು. ಆಗ ಕೆಲವು ವೃತ್ತಿಪರರು ಒಂದು ಕಿತಾಪತಿ ಕಂಡುಕೊಂಡರು. ಮೀಥೈಲ್ ಈಥೈಲ್ ಕೀಟೋನ್, ಗ್ಯಾರೇಜು ಪೇಂಟ್ ಅಂಗಡಿಗಳಲ್ಲಿ ಸಿಗುವ ದ್ರಾವಕ, ಉಗುರು ಬಣ್ಣ ತೆಗೆಯುವ ದ್ರವದಂಥದೇ ಮೂಗಿಗೆ ಹೊಡೆಯುವ ವಾಸನೆ. ಪ್ಲಾಸ್ಟಿಕ್ ಚೆಂಡನ್ನು ಆ ದ್ರಾವಕದಲ್ಲಿ ಇಳಿಬಿಟ್ಟು ಬಿಡುವುದು. ದ್ರಾವಕ ಮೈಯೊಳಗೆ ಇಳಿದು ಹೊರ ಚಿಪ್ಪನ್ನು ಮೆತ್ತಗೆ ಮಾಡುತ್ತದೆ. ತೆಗೆದು ಒರೆಸಿದರೆ ಬಣ್ಣ ಅದೇ, ತೂಕ ಅದೇ, ಒಳಗಿನ ಬಿಲ್ಲೆ ಅಲ್ಲೇ. ಉಗುರು ಒತ್ತಿದರೆ ಮಾತ್ರ ಗೀರು ಬೀಳುವಷ್ಟು ಮೆತ್ತಗಾದ ಮೈ. ಎಸೆದರೆ ಹಿಂದೆಂದೂ ಇಲ್ಲದ ಹಾಗೆ ಹುಕ್.

ಈ ನೆನೆಸಿದ ಚೆಂಡಿನ ಜೊತೆ ಗಟ್ಟಿಯಾಗಿ ಅಂಟಿಕೊಂಡ ಹೆಸರು ಡಾನ್ ಮೆಕ್ಯೂನ್. 1973ರಲ್ಲಿ ಅವರು ಆರು ಪ್ರಶಸ್ತಿ ಗೆದ್ದು ವರ್ಷದ ಆಟಗಾರರಾದರು. ಆಗ ಅದನ್ನು ತಡೆಯುವ ನಿಯಮವೇ ಇರಲಿಲ್ಲ, ಹಾಗಾಗಿ ಮೋಸ ಅನ್ನುವಂತಿಲ್ಲ. ಮೆಕ್ಯೂನ್ ರಸಾಯನಶಾಸ್ತ್ರಜ್ಞರಲ್ಲ, ಲೇಖನ ಬರೆಯಲಿಲ್ಲ, ಪೇಟೆಂಟ್ ತೆಗೆಯಲಿಲ್ಲ. ಆದರೂ ನನ್ನ ಮಟ್ಟಿಗೆ ಈ ಆಟದ ಅತಿ ದೊಡ್ಡ ಪ್ರಯೋಗ ಅದೇ. ಬೇರೇನನ್ನೂ ಮುಟ್ಟದೆ ಒಂದೇ ಒಂದು ಗುಣವನ್ನು, ಮೈಯ ಮೆದುತನವನ್ನು ಬದಲಿಸಿ ಫಲಿತಾಂಶ ನೋಡಿದ ಹಾಗಾಯಿತಲ್ಲ. ತಕ್ಕಡಿಯಲ್ಲಿ ಒಂದು ಗುಂಜಿಯೂ ಹೆಚ್ಚಾಗಲಿಲ್ಲ, ಆದರೂ ಚೆಂಡು ತಿರುಗಿತು. ಅಲ್ಲಿಗೆ ತೂಕದ ಸಿದ್ಧಾಂತ ಮುಗಿದಂತೆ. ಆದರೆ ಇದನ್ನು ಒಪ್ಪಲು ಇನ್ನೂ ಮೂವತ್ತು ವರ್ಷ ಹಿಡಿಯಿತು.

ಸಂಸ್ಥೆಗಳು ತಕ್ಷಣ ಮಾಡಿದ್ದು ಅಳತೆ. ಟೈರಿನ ರಬ್ಬರ್ ಪರೀಕ್ಷಿಸಲು ಬಳಸುವ ಡ್ಯೂರೋಮೀಟರ್ ತಂದರು. ಅಂಗೈಯಲ್ಲಿ ಹಿಡಿಯುವ ಗಡಿಯಾರದಂಥ ಡಬ್ಬಿ, ಕೆಳಗೆ ಮೊನೆ. ಮೊನೆಯನ್ನು ಚೆಂಡಿನ ಮೈಗೆ ಒತ್ತಿದರೆ ಎಷ್ಟು ಇಳಿಯಿತೆಂದು ಮುಳ್ಳು ತೋರಿಸುತ್ತದೆ. ಗಾಜಿಗೆ ಒತ್ತಿದರೆ 100. ವೃತ್ತಿಪರರ ಸಂಘ 75ಕ್ಕಿಂತ ಮೆತ್ತಗಿರುವ ಚೆಂಡನ್ನು ಬೇಡವೆಂದಿತು, 1976ರಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಎಲ್ಲರಿಗೂ 72ರ ಗೆರೆ ಎಳೆಯಿತು. ನಿಯಮ ಬಂದದ್ದೇ ಕಂಪನಿಗಳು ಗೆರೆಯ ಈಚೆ ನಿಂತುಕೊಂಡೇ ಹೆಚ್ಚು ಹಿಡಿಯುವ ಮೈ ಹುಡುಕಲು ಹೊರಟವು. ಬಕೆಟ್ಟಿನ ಕೆಲಸ ಕಾರ್ಖಾನೆಯೊಳಕ್ಕೆ ಹೋಯಿತು.

1981ರಲ್ಲಿ ಎಎಂಎಫ್ ಕಂಪನಿಯ ಆ್ಯಂಗಲ್ ಬಂತು, ಪಾಲಿಯುರೆಥೇನ್ ಮೈಯದು. ಮೆತ್ತಗಾಗಿಸದೆಯೂ ನೆಲ ಹಿಡಿಯುವ ಮೈ. ಹತ್ತು ವರ್ಷದ ನಂತರ, 90ರ ದಶಕದ ಆರಂಭದಲ್ಲಿ, ಸ್ಟೀವ್ ಕೂಪರ್ ಎಂಬವರು ಯುರೆಥೇನಿಗೆ ಬೇರೆ ಬೆರಕೆ ಸೇರಿಸಿ ರಿಯಾಕ್ಟಿವ್ ರೆಸಿನ್ ತಂದರು. ನ್ಯೂಲೈನ್ ಕಂಪನಿಯ ಎಕ್ಸ್‌-ಕ್ಯಾಲಿಬರ್ ಅದರ ಮೊದಲ ಹೆಸರು. ಬೆರಕೆಯ ಒಂದಂಶ ಯುರೆಥೇನಿನ ಜೊತೆ ಗಟ್ಟಿಯಾಗಿ ಕೂಡಿಕೊಳ್ಳದೆ ಉಳಿಯುತ್ತದೆ, ಮೈ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಈ ಚೆಂಡು ಎಣ್ಣೆಯ ಮೇಲೆ ಜಾರುವುದಲ್ಲ, ಎಣ್ಣೆ ಕುಡಿಯುತ್ತದೆ. ಒಣ ಭಾಗಕ್ಕೆ ಬಂದೊಡನೆ ಸರಕ್ಕನೆ ತಿರುಗುತ್ತದೆ. ಅಂಕಗಳು ಏರಿದವು, ಹಳೆಯ ದಾಖಲೆಗಳಿಗೆ ಬೆಲೆಯಿಲ್ಲದಾಯಿತು ಎಂದು ಹಿರಿಯರು ಗೊಣಗಿದರು. ಅವರ ಗೊಣಗಾಟದಲ್ಲಿ ಹುರುಳಿತ್ತು.

ಒಣ ಲೇನಿನ ಪೀಡೆ ಹೆಚ್ಚಿದ್ದು ಇದರಿಂದಲೇ. ಪ್ಲಾಸ್ಟಿಕ್ ಚೆಂಡಿನ ಕಾಲದಲ್ಲಿ ಎಣ್ಣೆ ಮುಂದೆ ಸಾಗುತ್ತಿತ್ತು, ಚೆಂಡು ಅದನ್ನು ಸವರಿಕೊಂಡು ಒಣ ಭಾಗಕ್ಕೆ ಒಯ್ದು ಬಿಡುತ್ತಿತ್ತು. ರಿಯಾಕ್ಟಿವ್ ಚೆಂಡು ಪ್ರತಿ ಎಸೆತಕ್ಕೂ ಒಂದಿಷ್ಟು ಎಣ್ಣೆ ಹೀರಿಕೊಂಡು ಹೋಗುತ್ತದೆ. ಬೆಳಿಗ್ಗೆ ಎಣ್ಣೆ ಹಾಕಿದ ಲೇನಿನಲ್ಲಿ ನಾಲ್ಕು ಜನ ಎರಡು ಮೂರು ಆಟ ಆಡಿದರೆ, ಎಲ್ಲರೂ ತುಳಿಯುವ ದಾರಿಯಲ್ಲಿ ಎಣ್ಣೆ ಸವೆದಿರುತ್ತದೆ. ಚೆಂಡು ಬಲವಾದಷ್ಟೂ ಲೇನ್ ಬೇಗ ಒಣಗುತ್ತದೆ, ಲೇನ್ ಒಣಗಿದಷ್ಟೂ ಆ ಬಲವಾದ ಚೆಂಡೇ ಕೆಲಸಕ್ಕೆ ಬಾರದಾಗುತ್ತದೆ. ಅದು 40 ಅಡಿಗೆ ತಿರುಗಬೇಕಾದ್ದು 25ಕ್ಕೇ ತಿರುಗಿ ಮೊದಲ ಪಿನ್ನಿನ ಎಡಕ್ಕೆ ದಾಟುತ್ತದೆ, ಇಲ್ಲವೇ ಗಿರಕಿಯೆಲ್ಲ ದಾರಿಯಲ್ಲೇ ಖರ್ಚಾಗಿ ಕೊನೆಗೆ ಸುಮ್ಮನೆ ಉರುಳುತ್ತ ಬಂದು ಪಿನ್ನಿಗೆ ತಾಗುತ್ತದೆ. ನಮ್ಮ ಹುಡುಗನಿಗೆ ಆಗುತ್ತಿದ್ದದ್ದು ಮೊದಲನೆಯದು.

ಮುಂಡಗೋಡಿನ ಟಿಬೆಟನ್ ಕಾಲೊನಿಯಲ್ಲಿ, 1966ರಿಂದ ನೆಲೆಗೊಂಡ ಆ ವಸತಿಯ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳ ಅಂಗಳದಲ್ಲಿ, ಎಳೆಯ ಭಿಕ್ಷುಗಳು ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆದು ವಾದ ಮಾಡುವುದನ್ನು ನೋಡಿದವರು ನಮ್ಮಲ್ಲಿ ಬಹಳ ಜನರಿದ್ದಾರೆ. ಅವರ ವಾದದ ಮುಖ್ಯ ವಸ್ತುಗಳಲ್ಲೊಂದು ಪ್ರತೀತ್ಯಸಮುತ್ಪಾದ: ಯಾವ ವಸ್ತುವಿಗೂ ತನ್ನೊಳಗೇ ಕೂತ ಸ್ವಂತ ಗುಣವಿಲ್ಲ, ಬೇರೆಯವುಗಳ ಆಸರೆಯಿಂದಲೇ ಎಲ್ಲವೂ ಹುಟ್ಟುತ್ತದೆ. ಬೌಲಿಂಗ್ ಅಂಗಡಿಯಲ್ಲಿ ನಿಂತು "ಇದು ಹುಕ್ ಆಗೋ ಬಾಲಾ?" ಎಂದು ಕೇಳುವವನನ್ನು ಅವರ ಅಂಗಳಕ್ಕೆ ಬಿಟ್ಟರೆ ಮೂರೇ ಪ್ರಶ್ನೆಗೆ ಸೋಲುತ್ತಾನೆ. ಹುಕ್ ಚೆಂಡಿನಲ್ಲಿದ್ದರೆ ಎಣ್ಣೆಯ ಮೇಲೂ ಆಗಬೇಕಿತ್ತು. ನೆಲದಲ್ಲಿದ್ದರೆ ಎಲ್ಲ ಚೆಂಡಿಗೂ ಒಂದೇ ಥರ ಆಗಬೇಕಿತ್ತು. ಕೈಯಲ್ಲಿದ್ದರೆ ಬೆಳಿಗ್ಗೆಯ ಎಸೆತವೇ ಸಂಜೆಗೂ ನಡೆಯಬೇಕಿತ್ತು.

ಒಳಗಿನ ಕತೆಯೂ ಒಂದಿದೆ, ಡ್ರಿಲ್ಲಿಂಗಿನ ಪ್ರಶ್ನೆ ಬರುವುದು ಅಲ್ಲೇ. ಎಸೆದು ವಾಪಸು ಬಂದ ಚೆಂಡನ್ನು ಒರೆಸುವ ಮೊದಲು ಬೆಳಕಿಗೆ ಹಿಡಿದರೆ ಮೈಮೇಲೆ ಎಣ್ಣೆಯ ಉಂಗುರಗಳು ಕಾಣುತ್ತವೆ. ಹಳೆಯ ಚೆಂಡಿನಲ್ಲಿ ಅವು ಒಂದರ ಮೇಲೊಂದು ಬಿದ್ದು ಒಂದೇ ಪಟ್ಟಿ. ಆಧುನಿಕ ಚೆಂಡಿನಲ್ಲಿ ಬೀಸಣಿಗೆ ಬಿಚ್ಚಿದಂತೆ ಬಿಡಿ ಬಿಡಿ ಉಂಗುರಗಳು, ಎರಡು ಜಾಗದಲ್ಲಿ ಮಾತ್ರ ಕೂಡುತ್ತವೆ. ಒಳಗಿನ ಭಾರದ ತಿರುಳು ಬಲ್ಬಿನಂಥದೋ ಇನ್ನಾವುದೋ ವಿಚಿತ್ರ ಆಕಾರದ್ದು. ಚೆಂಡು ತಿರುಗುತ್ತಿರುವಾಗ ಅದು ತನಗೆ ಸುಖವಾದ ಅಕ್ಷಕ್ಕೆ ವಾಲಿಕೊಳ್ಳಲು ನೋಡುತ್ತದೆ, ಆಗ ಚೆಂಡಿನ ಅಕ್ಷವೇ ಸುತ್ತು ಸುತ್ತಿಗೂ ಸರಿಯುತ್ತದೆ. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಫ್ಲೇರ್ ಹೆಚ್ಚಿದ್ದರೆ ಪ್ರತಿ ಸುತ್ತಿಗೂ ಎಣ್ಣೆ ತಾಗದ ಹೊಸ ಮೈ ನೆಲಕ್ಕೆ ಮುಟ್ಟುತ್ತದೆ, ಹಿಡಿತ ಹೆಚ್ಚು. ಫ್ಲೇರ್ ಕಡಿಮೆಯಾದರೆ ಎಣ್ಣೆ ಹತ್ತಿದ ಅದೇ ಪಟ್ಟಿಯ ಮೇಲೆ ಉರುಳುತ್ತದೆ, ಹಿಡಿತ ಕಡಿಮೆ.

ಒಣ ಲೇನಿಗೆ ಬೇಕಾದದ್ದು ಈ ಎರಡನೆಯದು. ಅದನ್ನು ಪಡೆಯುವುದು ತೂತುಗಳ ಜಾಗದಿಂದ. ತಿರುಳಿನ ತುದಿ ಎಲ್ಲಿದೆ ಎಂದು ತೋರಿಸಲು ಕಾರ್ಖಾನೆಯವರು ಚೆಂಡಿನ ಮೈಮೇಲೆ ಒಂದು ಬಣ್ಣದ ಚುಕ್ಕೆ ಬಿಟ್ಟಿರುತ್ತಾರೆ, ಅದಕ್ಕೂ ಪಿನ್ ಎಂದೇ ಹೆಸರು. ಇನ್ನೊಂದು ಬಿಂದು ಆಟಗಾರನದು: ಅವನು ಚೆಂಡು ಬಿಟ್ಟ ಕ್ಷಣದಲ್ಲಿ ಅದು ಯಾವ ಅಕ್ಷದ ಮೇಲೆ ತಿರುಗುತ್ತದೋ ಆ ಅಕ್ಷದ ತುದಿ. ಇದನ್ನು ಹುಡುಕುವ ಬಗೆ ಚೆಂದ. ಅಕ್ಷ ಇಲ್ಲಿರಬಹುದೆಂದು ಊಹಿಸಿದ ಜಾಗಕ್ಕೆ ಬಿಳಿ ಟೇಪಿನ ತುಂಡು ಅಂಟಿಸಿ ಎಸೆಯುವುದು, ಪಕ್ಕದಲ್ಲೊಬ್ಬ ನಿಂತು ನೋಡುವುದು. ಟೇಪು ಗಿರಗಿರನೆ ವೃತ್ತ ಸುತ್ತಿದರೆ ತಪ್ಪು. ಒಂದಿಷ್ಟು ಸರಿಸಿ ಮತ್ತೆ. ಟೇಪು ಅಲುಗದೆ ನಿಂತಲ್ಲೇ ತಿರುಗಿದಂತೆ ಕಂಡರೆ ಅದೇ ಬಿಂದು. ಸಾಮಾನ್ಯವಾಗಿ ಬಲಗೈಯವರಿಗೆ ಅದು ಹಿಡಿತದ ನಡುವಿನಿಂದ ಬಲಕ್ಕೆ 5 ಇಂಚಿನ ಆಸುಪಾಸಿನಲ್ಲಿ ಸಿಗುತ್ತದೆ.

ಈ ಎರಡು ಬಿಂದುಗಳ ನಡುವಿನ ದೂರವೇ ಡ್ರಿಲ್ಲಿಂಗಿನ ಅರ್ಧ ಶಾಸ್ತ್ರ. ಚೆಂಡಿನ ಸುತ್ತಳತೆ ಸುಮಾರು 27 ಇಂಚು. ಅದರ ಕಾಲು ಭಾಗ 6¾ ಇಂಚು. ಪಿನ್ ಅಕ್ಷದ ಮೇಲೇ ಕೂತರೆ, ಅಂದರೆ ದೂರ ಸೊನ್ನೆಯಾದರೆ, ತಿರುಳಿಗೆ ವಾಲಲು ಕಾರಣವಿಲ್ಲ. 6¾ ಇಂಚು ದೂರವಿದ್ದರೆ ತಿರುಳು ಪೂರ್ತಿ ಅಡ್ಡಬಿದ್ದಿರುತ್ತದೆ, ಆಗಲೂ ಇಲ್ಲ. ಸರಿಯಾಗಿ ನಡುವೆ, 3⅜ ಇಂಚಿಗೆ, ಕುಣಿತ ಅತಿ ಹೆಚ್ಚು. ಎಣ್ಣೆ ತುಂಬಿದ ಲೇನಿಗೆ ಈ ನಡುವಿನ ಜಾಗ, ಒಣ ಲೇನಿಗೆ ಎರಡು ತುದಿಗಳಲ್ಲೊಂದರ ಹತ್ತಿರ. ಪಿನ್ ಅಕ್ಷಕ್ಕೆ ಹತ್ತಿರವಿದ್ದರೆ ಚೆಂಡು ಬೇಗ ಉರುಳತೊಡಗಿ ಹಿಡಿತದಲ್ಲಿರುತ್ತದೆ, ಎಲ್ಲೂ ಧಡಕ್ಕನೆ ತಿರುಗುವುದಿಲ್ಲ. ದೂರವಿದ್ದರೆ, ಅಂದರೆ ಐದೂವರೆ ಆರು ಇಂಚಿಗೆ, ಹೆಚ್ಚು ದೂರ ನೇರ ಹೋಗಿ ಕೊನೆಗೆ ಸ್ವಲ್ಪ ತಿರುಗುತ್ತದೆ. ಇದಕ್ಕೆ ತೂತುಗಳ ಜಾಗ ಗುರುತಿಸುವ ಎರಡು ಕೋನಗಳನ್ನೂ ಸೇರಿಸಿ ಇಡೀ ಲೆಕ್ಕವನ್ನು ಎಲ್ಲ ಅಂಗಡಿಯವರಿಗೂ ಅರ್ಥವಾಗುವ ಪದ್ಧತಿಯನ್ನಾಗಿ ಮಾಡಿದವರು ಮೋ ಪಿನೆಲ್, ಚೆಂಡಿನ ತಿರುಳುಗಳನ್ನು ವಿನ್ಯಾಸ ಮಾಡುತ್ತಲೇ ಬದುಕು ಕಳೆದು 2021ರಲ್ಲಿ ತೀರಿಕೊಂಡ ಮನುಷ್ಯ. ಅವರ ಪದ್ಧತಿಯಲ್ಲಿ ಎರಡು ಕೋನಗಳ ಮೊತ್ತ ದೊಡ್ಡದಾದಷ್ಟು ಚೆಂಡು ತಡವಾಗಿ ಉರುಳಿಗೆ ಬರುತ್ತದೆ.

ಇಷ್ಟೆಲ್ಲ ಇದ್ದರೂ ಯಾವುದು ದೊಡ್ಡದು, ಮೈಯೋ ತಿರುಳೋ ತೂಕವೋ? 2000ದ ದಶಕದಲ್ಲಿ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ ಬೇರೆ ಬೇರೆ ಚೆಂಡುಗಳನ್ನು ಯಂತ್ರದ ಕೈಯಿಂದ ಎಸೆಸಿ, ದಾರಿಯುದ್ದಕ್ಕೂ ಸೆನ್ಸರ್ ಇಟ್ಟು ಅಳೆಯಿತು. ಮೇಲಿನ ಸ್ಥಾನಗಳು ಮೈಯ ಪಾಲಿಗೇ ಬಂದವು: ಎಷ್ಟು ಒರಟು, ಎಷ್ಟು ಎಣ್ಣೆ ಹೀರುತ್ತದೆ, ಲೇನಿನ ಜೊತೆ ಘರ್ಷಣೆ ಎಷ್ಟು. ಡೋಡೋ ತಕ್ಕಡಿಯಲ್ಲಿ ತೂಗುತ್ತಿದ್ದ ಮಗ್ಗುಲು ಭಾರ ಪಟ್ಟಿಯ ತಳದಲ್ಲಿತ್ತು. ಮೆಕ್ಯೂನ್ ಬಕೆಟ್ಟಿನಲ್ಲಿ ತೋರಿಸಿದ್ದನ್ನು ಸೆನ್ಸರುಗಳು ಅಂಕಿಯಲ್ಲಿ ಬರೆದುಕೊಟ್ಟವು. 2020ರ ಆಗಸ್ಟಿನಿಂದ ಬೆರಳು ಹಾಕದ ಹೆಚ್ಚುವರಿ ತೂತು ಕೊರೆಯುವುದನ್ನು ನಿಷೇಧಿಸಿದರು, 1 ಔನ್ಸ್ ಇದ್ದ ಮಗ್ಗುಲು ಭಾರದ ಮಿತಿಯನ್ನು 3 ಔನ್ಸಿಗೆ ಸಡಿಲ ಮಾಡಿದರು. ಗಡಸುತನದ ಗೆರೆ ಮಾತ್ರ ಬಿಗಿಯಾಯಿತು. 2022ರಲ್ಲಿ ಮೈ ಮೆತ್ತಗಿದೆ ಎಂದು ಒಂದು ದೊಡ್ಡ ಕಂಪನಿಯ ಚೆಂಡಿನ ಅನುಮತಿಯನ್ನೇ ಹಿಂದಕ್ಕೆ ಪಡೆದರು. ಐವತ್ತು ವರ್ಷದ ನಂತರವೂ ಜಗಳ ಡ್ಯೂರೋಮೀಟರಿನ ಮುಳ್ಳಿನ ಸುತ್ತಲೇ.

ಅದೇ ಸಂಸ್ಥೆಯ ಮುಂದಿನ ಯಂತ್ರಕ್ಕೆ ಅರ್ಲ್ ಎಂದು ಹೆಸರಿಟ್ಟರು, ಆಂಥೋನಿಯ ನೆನಪಿಗೆ. 2011ರಲ್ಲಿ ಅದು ಕ್ರಿಸ್ ಬಾರ್ನ್ಸ್ ಎಂಬ ವೃತ್ತಿಪರನ ಎದುರು ಆಡಿ ಸೋತಿತು. ಯಂತ್ರ ಹೇಳಿದ ಜಾಗಕ್ಕೇ ಹೇಳಿದ ವೇಗದಲ್ಲೇ ಎಸೆಯಬಲ್ಲದು. ಆದರೆ ಪ್ರತಿ ಎಸೆತಕ್ಕೂ ಎಣ್ಣೆ ಕದಲುವ ಆಟದಲ್ಲಿ ಅದೊಂದೇ ಸಾಲದು.

ಇನ್ನು ನಮ್ಮ ಹುಡುಗನ ಪ್ರಶ್ನೆ. ಮಾಲಿನಲ್ಲಿ ಬಾಡಿಗೆಗೆ ಸಿಗುವ ಬಣ್ಣಬಣ್ಣದ ಚೆಂಡುಗಳು ಸಾಮಾನ್ಯವಾಗಿ ಪಾಲಿಯೆಸ್ಟರಿನವೇ. ಎಣ್ಣೆ ಕುಡಿಯದ, ನಯವಾದ, ಒಣ ನೆಲದ ಮೇಲೂ ಹದ್ದು ಮೀರಿ ತಿರುಗದ ಮೈ. ಅಂದರೆ ಒಣ ಲೇನಿಗೆ ಬೇಕಾದ ಸರಕು ಅಲ್ಲೇ ಕೈಗೆಟುಕಿನಲ್ಲಿದೆ, ಅದರ ತೂತು ಮಾತ್ರ ಯಾರ ಕೈಗೂ ಸರಿಹೊಂದದು. ತನ್ನ ಕೈ ಅಳತೆಗೆ ಒಂದು ಪಾಲಿಯೆಸ್ಟರ್ ಚೆಂಡು ಕೊರೆಸಿಕೊಂಡರೆ ಸಾಕು. ಸ್ವಲ್ಪವಾದರೂ ಹುಕ್ ಬೇಕೆಂದರೆ ಹೊಳಪು ಹಾಕಿದ, ಮುತ್ತಿನ ಬಣ್ಣದ ರಿಯಾಕ್ಟಿವ್. ಜೊತೆಗೆ ಡಬ್ಬಿಯ ಮೇಲಿನ ಎರಡು ಅಂಕಿ ನೋಡಬೇಕು. ಆರ್‌ಜಿ ಎಂಬುದು ಭಾರ ನಡುವಿನಿಂದ ಎಷ್ಟು ಹೊರಗೆ ಹರಡಿದೆ ಎಂಬುದರ ಅಳತೆ, ನಿಯಮದ ಪ್ರಕಾರ 2.46ರಿಂದ 2.80 ಇಂಚಿನೊಳಗೆ. ಒಣ ಲೇನಿಗೆ ಮೇಲ್ತುದಿಯ ಕಡೆಯದು. ಇನ್ನೊಂದು ಡಿಫರೆನ್ಷಿಯಲ್, ಗರಿಷ್ಠ 0.060. ಅದು ಕಡಿಮೆಯಿದ್ದಷ್ಟು ಫ್ಲೇರ್ ಕಡಿಮೆ.

ತೂತು ಕೊರೆಸುವಾಗ ಜನ ತಿರುಳಿನ ಜಾಗಕ್ಕೆ ತಲೆ ಕೆಡಿಸಿಕೊಂಡು ಹೆಬ್ಬೆರಳನ್ನು ಮರೆಯುತ್ತಾರೆ. ಒಣ ಲೇನಿನಲ್ಲಿ ಹೆಬ್ಬೆರಳು ತೂತಿನಲ್ಲಿ ಒಂದು ಚೂರು ಸಿಕ್ಕಿಕೊಂಡರೂ ಚೆಂಡು ಇನ್ನಷ್ಟು ಎಡಕ್ಕೆ ಓಡುತ್ತದೆ. ಹೆಬ್ಬೆರಳು ಸಲೀಸಾಗಿ ಮೊದಲು ಹೊರಬರಬೇಕು, ನಡುಬೆರಳೂ ಉಂಗುರ ಬೆರಳೂ ಆಮೇಲೆ. ಬೆರಳಿನ ದಪ್ಪವೂ ಒಂದೇ ಥರ ಇರುವುದಿಲ್ಲ. ಕ್ಯಾಸಲ್‌ರಾಕ್ ಕಡೆಯ ಮಳೆಯಲ್ಲಿ ಜೋಯಿಡಾದ ಮನೆಗಳ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತಿರುವುದೇ. ತೇವಕ್ಕೆ, ಸೆಕೆಗೆ, ಸತತ ಆಟಕ್ಕೆ ಬೆರಳೂ ಉಬ್ಬುತ್ತದೆ, ಏಸಿ ಹಾಲಿನಲ್ಲಿ ಕುಗ್ಗುತ್ತದೆ. ಅದಕ್ಕೇ ಕೈ ಅತಿ ದಪ್ಪಗಿದ್ದ ಹೊತ್ತಿಗೆ ಹೊಂದುವಂತೆ ಕೊರೆಸಿ, ಮಿಕ್ಕ ಹೊತ್ತು ಒಳಗೆ ತೆಳು ಟೇಪಿನ ಪದರ ಅಂಟಿಸಿ ಸರಿದೂಗಿಸುವುದು ವಾಡಿಕೆ. ಒಂದು ಪದರ ಹಾಕುವುದು ತೆಗೆಯುವುದು ಆಟದ ನಡುವೆಯೂ ನಡೆಯುತ್ತದೆ. ತೂತು ತಪ್ಪಿದರೂ ಚೆಂಡು ಹಾಳಾಗುವುದಿಲ್ಲ. ರಾಳ ಸುರಿದು ಮುಚ್ಚಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯುತ್ತಾರೆ.

ಇಷ್ಟನ್ನೂ ಹೇಳಿ, ಮೊದಲು ಪಾಲಿಯೆಸ್ಟರಿನದು ತೊಗೊ, ಒಂಟಿ ಪಿನ್ ಉಳಿದಾಗ ನೇರ ಹೊಡೆಯಲಿಕ್ಕೂ ಅದೇ ಬೇಕಾಗುತ್ತದೆ ಅಂದೆ.

"ಅಯ್ಯ ಮಾಮಾ, ನಾ ಆಗಲೇ ರಿಯಾಕ್ಟಿವ್ ಆರ್ಡರ್ ಮಾಡೇನಲ್ಲ. ಮ್ಯಾಟ್ ಫಿನಿಶಿಂದು. ಭಾಳ ಹುಕ್ ಆಗ್ತದಂತ."

ಅಂಗಡಿಯಲ್ಲಿ ಅದಕ್ಕೆ ಹೊಳಪು ಹಾಕಿಸಿ, ಪಿನ್ನನ್ನು ಅಕ್ಷದಿಂದ ಐದೂವರೆ ಇಂಚು ದೂರ ಇಡಿಸು, ಆಡುವಾಗ ನಿಲ್ಲುವ ಜಾಗದಿಂದ ನಾಲ್ಕು ಪಟ್ಟಿ ಎಡಕ್ಕೆ ಸರಿದು ನಿಲ್ಲು ಎಂದು ಹೇಳಿ ಫೋನಿಟ್ಟೆ.